ಪೋಲರೈಸೇಶನ್‌ಗೆ ‘ಧ್ರುವೀಕರಣ’ ಬಿಟ್ಟು ಬೇರೆ ಪದ ಇದೆಯೇ?

ಎಲ್ಲರಿಗೂ ನಮಸ್ಕಾರ. ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಪರೀಕ್ಷೆಗೆ ಕೂರುವ ಧಾರವಾಡದ ನಾಲ್ಕೈದು ಹುಡುಗರಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಆಂಟೆನಾ ಪೋಲರೈಸೇಶನ್ ಹತ್ತಿರ ಬಂದು ಸಿಕ್ಕಿಹಾಕಿಕೊಂಡಿದ್ದೇನೆ.

ಪಠ್ಯದಲ್ಲಿರುವ ಪದ ‘ಧ್ರುವೀಕರಣ’. ಅದನ್ನು ಓದಿದ ಹುಡುಗನೊಬ್ಬ ಕೇಳಿದ: ‘ಸರ್, ಇದು ಇಲೆಕ್ಷನ್ ಸುದ್ದಿಯೊಳಗ ಬರ್ತದಲ್ರೀ?’ ತಪ್ಪು ಅವನದಲ್ಲ. ಮತಗಳ ಧ್ರುವೀಕರಣದಲ್ಲಿ ಎರಡು ಬಣವಾದರೂ ಇರುತ್ತವೆ. ರೇಡಿಯೋ ಅಲೆಗೆ ಎಲ್ಲಿಯ ಧ್ರುವ? 1808ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಮಾಲ್ಯೂಸ್ ಪ್ರತಿಫಲಿಸಿದ ಬೆಳಕಿನಲ್ಲಿ ಈ ಗುಣ ಕಂಡ. ಬೆಳಕು ಕಣ ಅಂತ ನಂಬಿದ್ದವನು, ಆ ಕಣಗಳಿಗೆ ಧ್ರುವಗಳಿವೆ ಅಂದುಕೊಂಡು ಹೆಸರಿಟ್ಟ. ನಂಬಿಕೆ ಬಿದ್ದುಹೋಯಿತು, ಹೆಸರು ಉಳಿಯಿತು. ನಾವು ಅದನ್ನೇ ಸಂಸ್ಕೃತಕ್ಕೆ ತಿರುಗಿಸಿಕೊಂಡಿದ್ದೇವೆ.

ವಿಷಯ ಸರಳ. ಅಲೆಯ ವಿದ್ಯುತ್ ಕ್ಷೇತ್ರ ಯಾವ ದಿಕ್ಕಿಗೆ ತೂಗುತ್ತದೆ ಅನ್ನೋದು. ಆಂಟೆನಾ ಕಡ್ಡಿ ನಿಂತಿದ್ದರೆ ಮೇಲೆ-ಕೆಳಗೆ, ಮಲಗಿದ್ದರೆ ಅಡ್ಡಡ್ಡ.

ಇದನ್ನು ನಾನು ಕಲಿತದ್ದು ಮಾಳಿಗೆಯ ಮೇಲೆ. ಹಳೇ ಟಿವಿ ಪೈಪಿಗೆ 2 ಮೀಟರ್ ಬ್ಯಾಂಡಿನ (ಸುಮಾರು 2 ಮೀಟರ್ ಉದ್ದದ ಅಲೆಗಳ) ಯಾಗಿ, ಅಂದರೆ ಸಾಲು ಕಡ್ಡಿಗಳ ಆಂಟೆನಾ, ಕಟ್ಟಿದ್ದೆ, ದೂರದರ್ಶನದ ಆಂಟೆನಾ ಹಾಗೆಯೇ ಕಡ್ಡಿ ಮಲಗಿಸಿ. ಹುಬ್ಬಳ್ಳಿಯ ಗೆಳೆಯರ ದನಿ ಬರೀ ಗೊರಗೊರ. ಕೇಬಲ್ ಬದಲಿಸಿದೆ, ಕನೆಕ್ಟರ್ ಮತ್ತೆ ಬೆಸುಗೆ ಹಾಕಿದೆ. ಕೊನೆಗೆ ಅವರೇ ಕೇಳಿದರು: ‘ನಿಮ್ಮ ಆಂಟೆನಾ ಮಲಗೇತೇನ್ರಿ?’ ಕ್ಲಾಂಪ್ ಸಡಿಲಿಸಿ ಕಾಲು ಸುತ್ತು ತಿರುಗಿಸಿದ್ದೇ ತಡ, ದನಿ ಪಕ್ಕದ ಮನೆಯಿಂದ ಬಂದ ಹಾಗಾಯಿತು. ಒಂದು ನಿಂತು ಇನ್ನೊಂದು ಮಲಗಿದರೆ ಸಿಗ್ನಲ್ 20 ಡೆಸಿಬಲ್‌ನಷ್ಟು ಬೀಳಬಹುದು, ಅಂದರೆ ನೂರರಲ್ಲಿ ಒಂದು ಪಾಲು. ಕಾರಿನ ಮೇಲೆ, ಕೈಯಲ್ಲಿ ಆಂಟೆನಾ ನಿಂತೇ ಇರುತ್ತದಲ್ವಾ, ಹಾಗಾಗಿ ಸಿಗ್ನಲ್ ಹಿಡಿದು ಮತ್ತೆ ಬಿತ್ತರಿಸುವ ಎಫ್‌ಎಂ ರಿಪೀಟರ್‌ಗಳದ್ದೂ ನಿಂತ ಕಡ್ಡಿ. ಅದೇ ಬ್ಯಾಂಡಿನಲ್ಲಿ ದೂರದ ಎಸ್‌ಎಸ್‌ಬಿ (ದುರ್ಬಲ ಸಿಗ್ನಲ್‌ಗೂ ಒಗ್ಗುವ ಪ್ರಸಾರ ವಿಧಾನ) ಮಾತುಕತೆಗೆ ಮಲಗಿಸುವ ರೂಢಿ. ಎಚ್‌ಎಫ್‌ನಲ್ಲಿ (ಶಾರ್ಟ್‌ವೇವ್) ಅಷ್ಟು ತಲೆಬಿಸಿ ಇಲ್ಲ, ಮೇಲಿನ ವಾತಾವರಣದ ಅಯಾನುಗೋಳ ಅಲೆಯನ್ನು ಹೇಗೂ ತಿರುಚಿಬಿಡುತ್ತದೆ.

‘ಮಲಗೇತೇನ್ರಿ’ ಕೇಳಿದಾಗಲೇ ಪದ ಸಿಕ್ಕಿತು ಅಂದುಕೊಂಡೆ. ಆಂಟೆನಾಗೆ ಸಿಕ್ಕಿದ್ದು ನಿಜ: ನಿಂತ ಆಂಟೆನಾ, ಮಲಗಿದ ಆಂಟೆನಾ. ಅಲೆಗೆ ಬಂದಾಗ ತೊಡಕು. ‘ನಿಂತ ಅಲೆ’ ಅಂದರೆ ಸ್ಟ್ಯಾಂಡಿಂಗ್ ವೇವ್, ಆಂಟೆನಾದಿಂದ ಕೇಬಲ್‌ಗೆ ಮರಳುವ ಸಿಗ್ನಲ್‌ನಿಂದ ಆಗುವುದು; ಅದನ್ನು ಅಳೆಯುವ ಎಸ್‌ಡಬ್ಲ್ಯುಆರ್ ಮೀಟರ್ ಹಿಡಿದು ನಾವು ದಿನಾ ಬೈಯುವಂಥದ್ದು. ‘ಅಡ್ಡ ಅಲೆ’ ಅನ್ನೋಣ ಅಂದರೆ ‘ಅಡ್ಡ ತರಂಗ’ ಶಾಲೆಯಲ್ಲಿ ಟ್ರಾನ್ಸ್‌ವರ್ಸ್‌ಗೆ (ಸಾಗುವ ದಿಕ್ಕಿಗೆ ಅಡ್ಡವಾಗಿ ತೂಗುವ ಅಲೆಗೆ) ಹೋಗಿದೆ. ಎರಡೂ ಬಾಗಿಲು ಬಂದ್.

‘ನಿಲುವು’ ಹೇಗೆ? ನೆಟ್ಟ ನಿಲುವು, ಅಡ್ಡ ನಿಲುವು. ಕಿವಿಗೆ ಹಿತ. ಆದರೆ ಉಪಗ್ರಹದ ಕೆಲಸದಲ್ಲಿ ಅಲೆ ಸುತ್ತುತ್ತಾ ಬರುತ್ತದೆ. ‘ಸುತ್ತುವ ನಿಲುವು’ ಅಂದರೆ ಮತ್ತೆ ರಾಜಕಾರಣಕ್ಕೇ ಬಂದು ನಿಂತ ಹಾಗಾಯಿತು! ಅಲ್ಲಿಗೆ ಮಾತ್ರ ನನ್ನ ಆಯ್ಕೆ ಗಟ್ಟಿ: ಶಂಖಕ್ಕೆ ಹೇಳುವ ಬಲಮುರಿ, ಎಡಮುರಿ. ಬಲಮುರಿ ಅಲೆ ಗೋಡೆಗೆ ಬಡಿದರೆ ಎಡಮುರಿಯಾಗಿ ಮರಳುತ್ತದೆ. ಇದನ್ನು ಹುಡುಗರು ಒಂದೇ ಸಲಕ್ಕೆ ಹಿಡಿದರು.

ಉಳಿದಿರುವುದು ಮೂಲ ಗುಣದ ಹೆಸರು. ‘ತೂಗುದಿಕ್ಕು’ ನಡೆದೀತೇ? ಟಿವಿ ಕಾಲದಲ್ಲಿ ಆಂಟೆನಾ ಕಟ್ಟುತ್ತಿದ್ದ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಮೆಕ್ಯಾನಿಕ್‌ಗಳು ಇದಕ್ಕೆ ಏನಾದರೂ ಅನ್ನುತ್ತಿದ್ದರೇ? ಕೇಳಿದ ನೆನಪಿದ್ದವರು ಅವರು ಆಡಿದ ಹಾಗೆಯೇ ಬರೆದು ಕಳಿಸಿ, ತಿದ್ದಬೇಡಿ.