ಲೋ ಪ್ರೆಶರ್ ತೋಟೆಗೆ ಕ್ಲೀನಾಗಿ ಉರಿಯೋ ಪೌಡರ್ ಯಾವ್ದು? ನಳಿಗೆ ತುಂಬಾ ಕಸ

ಮಿನೆಸೋಟಾ ಮಂಜ:
ತಲೆ ಕೆಟ್ಟೋಗಿದೆ ಗುರು. 12 ಬೋರಿನ ಹಳೇ ಜೋಡುನಳಿಗೆ, ಗನ್‌ಸ್ಮಿತ್ ನೋಡಿ ಕೋವಿ ಗಟ್ಟಿ ಇದೆ ಆದ್ರೆ ಅಂಗಡಿ ತೋಟೆ ಬೇಡ, ಲೋ ಪ್ರೆಶರ್ ಮಾತ್ರ ಹೊಡಿ ಅಂದ, ಅದಕ್ಕೇ ನಾನೇ ತುಂಬ್ತೀನಿ. 7/8 ಔನ್ಸ್ ಚರೆ, ಯೂನಿಕ್ ಪೌಡರ್. ಹೋದ ವರ್ಷ ಏನೂ ತೊಂದ್ರೆ ಇರ್ಲಿಲ್ಲ. ಈಗ 25 ಹೊಡೆದು ಕೋವಿ ಮಡಚಿದ್ರೆ ಒಳಗೆಲ್ಲ ಕರಿಮೆಣಸು ಕುಟ್ಟಿ ಚೆಲ್ಲಿದಂಗೆ ಉರಿಯದೇ ಉಳಿದ ಪೌಡರು, ಸಂದಿಗೆ ಬಿದ್ದು ಕೋವಿ ಮುಚ್ಚೋಕೂ ಬಿಗಿ. ಮಧ್ಯ ಮಧ್ಯ ಒಂದೊಂದು ಢಂ ಅನ್ನೋ ಬದ್ಲು ಫುಸ್ ಅನ್ನತ್ತೆ. ಕ್ಲೀನ್ ಪೌಡರ್ ಒಂದು ಹೇಳಿ ಸಾಕು.

ಕೆಂಪುಚುಕ್ಕೆ:
ರೆಡ್ ಡಾಟ್ ಪೌಡರ್. 1932ರಿಂದ ಇದೆ, ಸುಮ್ನೆ ಇಲ್ಲ.

ಓಹಾಯೋ ಗೌಡ:
ಸ್ವಾಮಿ, ರೆಡ್ ಡಾಟ್ ಕ್ಲೀನ್ ಅನ್ನೋರನ್ನ ಇವತ್ತೇ ನೋಡಿದ್ದು. ಅದೂ ಅಲ್ದೆ ಅದು ಬೇಗ ಉರಿಯೋ ಪೌಡರ್, ಅದೇ ಚರೆಗೆ ಅದೇ ಸ್ಪೀಡ್ ಬೇಕು ಅಂದ್ರೆ ಪ್ರೆಶರ್ ಮೇಲೇರತ್ತೆ, ಅವ್ರಿಗೆ ಬೇಡದ್ದೇ ಅದು. ನಿಧಾನದ ಪೌಡರ್ ಹಾಕಿದ್ರೆ ಪ್ರೆಶರ್ ಕಮ್ಮಿ, ಆದ್ರೆ ಒತ್ತಡ ಇಲ್ದೆ ಪೂರ್ತಿ ಉರಿಯಲ್ಲ, ಕಸ ಉಳಿಯತ್ತೆ. ಎರಡೂ ಬೇಕು ಅಂದ್ರೆ ಎಲ್ಲಿಂದ ತರೋದು. ಹಿಂದೆ ಪಿಬಿ, 7625 ಅಂತ ಎರಡು ಪೌಡರ್ ಇತ್ತು, ಇಂಥ ಕೋವಿಗೆ ಹೇಳಿ ಮಾಡಿಸಿದ್ದು, ಎರಡೂ ನಿಲ್ಲಿಸಿಬಿಟ್ರು.

ಕೆಂಪುಚುಕ್ಕೆ:
ನಾನು 20 ವರ್ಷದಿಂದ ಅದನ್ನೇ ತುಂಬ್ತಿದೀನಿ, ನಳಿಗೆ ಕನ್ನಡಿ ಥರ ಇದೆ.

ಓಹಾಯೋ ಗೌಡ:
ನಿಮ್ದು ಹೊಸ ಕೋವಿ, ಫುಲ್ ಲೋಡು. ಅದನ್ನ ಇಲ್ಲಿಗ್ಯಾಕೆ ತರ್ತೀರಿ? ನಾನು ನಮ್ಮ ಓಹಾಯೋದ ವ್ಯಾಂಡೇಲಿಯಾದಲ್ಲಿ ಗ್ರ್ಯಾಂಡ್ ಅಮೆರಿಕನ್ ಪಂದ್ಯ ನಡೀತಿದ್ದ ಕಾಲದಿಂದ ಟ್ರ್ಯಾಪ್ (ಹಾರೋ ಮಣ್ಣಿನ ಬಿಲ್ಲೆಗೆ ಗುರಿ) ಹೊಡೀತಿದೀನಿ, 2006ರಲ್ಲಿ ಅದು ಇಲಿನಾಯ್ ಸ್ಪಾರ್ಟಾಗೆ ಹೋದ್ಮೇಲೂ ಬಿಟ್ಟಿಲ್ಲ. ತೋಟೆ ತುಂಬೋ ಮೆಕ್ ಪ್ರೆಸ್ಸು ಎರಡಿವೆ, ಒಂದು ಬರೀ 28 ಬೋರಿಗೇ.

ಅಮ್ಮತ್ತಿ ಹುಡುಗ:
ನಮ್ಮ ಕೊಡಗಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಅಜ್ಜನ ತೋಕ್ (ಕೋವಿ) ತೊಳ್ದು ತೋಕ್ ಪೂ ಅನ್ನೋ ಹೂವಿಟ್ಟು ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು. ಅಂಗಡಿ ತೋಟೆನೇ, ಕಸಗಿಸ ಏನೂ ಇಲ್ಲ 😀 ಮಂಜಣ್ಣ, ಅಲ್ಲಿ ಚಳಿ ಎಷ್ಟಿದೆ? ಪೌಡರು ತಣ್ಣಗಿದ್ರೆ ಸರಿ ಹತ್ತಲ್ಲ ಅಂತಾರಲ್ಲ.

ಮಿನೆಸೋಟಾ ಮಂಜ:
ಚಳಿ ಹೋದ ವರ್ಷಾನೂ ಇತ್ತಲ್ಲಪ್ಪಾ.

ಹಳೇಸಿಂಹ:
ಆ ಫುಸ್ ಅಂದಾಗ ಮುಂದಿನ ತೋಟೆ ಹಾಕೋಕ್ ಮುಂಚೆ ನಳಿಗೆ ಒಳಗೆ ನೋಡ್ತೀರ ತಾನೇ? ವಾಡ್ (ಪೌಡರ್, ಚರೆ ಮಧ್ಯ ಇರೋ ಪ್ಲಾಸ್ಟಿಕ್ ಬಿರಡೆ) ಸಿಕ್ಕಾಕೊಂಡಿದ್ರೆ ಇನ್ನೊಂದು ಹೊಡೆದ್ರೆ ನಳಿಗೆ ಒಡೆದೋಗತ್ತೆ. ಅದಿರ್ಲಿ, ಯಾರೂ ಕೇಳ್ಲಿಲ್ಲ, ಹಲ್ (ತೋಟೆಯ ಖಾಲಿ ಚಿಪ್ಪು) ಯಾವ್ದು? ವಾಡ್ ಯಾವ್ದು? ಪೌಡರಿಗೆ ಕಿಡಿ ಹಚ್ಚೋ ಪ್ರೈಮರ್ ಯಾವ್ದು?

ಮಿನೆಸೋಟಾ ಮಂಜ:
ನೋಡ್ತೀನಿ ಸರ್. ವಾಡ್ ಹೋದ ವರ್ಷದ್ದೇ. ರೆಮಿಂಗ್ಟನ್ ಕಂಪನಿ ಹಲ್ ಮುಗೀತು, ಕ್ಲಬ್ಬಲ್ಲಿ ಒಂದು ಬಕೆಟ್ ಚೆಡೈಟ್ ಕಂಪನಿ ಹಲ್ ಪುಕ್ಸಟ್ಟೆ ಸಿಕ್ತು, ಈಗ ಅದ್ರಲ್ಲೇ ತುಂಬ್ತಿರೋದು.

ಹಳೇಸಿಂಹ:
ಅಯ್ಯೋ ಪುಣ್ಯಾತ್ಮ, ಇದನ್ನ ಮೊದಲ ಸಾಲಲ್ಲೇ ಹೇಳೋದಲ್ವಾ! ರೆಮಿಂಗ್ಟನ್ ಹಲ್ ಒಳಗೆ ಬುಡದ ಕಡೆ ಕಿರಿದಾಗ್ತಾ ಹೋಗತ್ತೆ, ಚೆಡೈಟ್ ನೆಟ್ಟಗೆ ಪೈಪ್ ಥರ. ಅದರ ವಾಡ್ ಇದಕ್ಕೆ ಸಡಿಲ, ಗ್ಯಾಸ್ ಪಕ್ಕದಿಂದ ನುಗ್ಗತ್ತೆ, ಒತ್ತಡ ಕಟ್ಟಲ್ಲ, ಪೌಡರ್ ಹೇಗೆ ಉರಿದೀತು? ನೆಲದಲ್ಲಿ ಬಿದ್ದ ವಾಡ್ ನಾಲ್ಕು ಎತ್ಕೊಂಡು ಬುಡ ನೋಡಿ.

ಕೆಂಪುಚುಕ್ಕೆ:
ರೆಡ್ ಡಾಟ್ ಆಗಿದ್ರೆ ವಾಡ್ ಸಡಿಲ ಇದ್ರೂ ಉರಿಯೋದು.

ಮಿನೆಸೋಟಾ ಮಂಜ:
ನೋಡ್ದೆ. ಹಿಮದಲ್ಲಿ ಹುಡುಕಿ ಆರು ಸಿಕ್ತು. ನಾಲ್ಕರಲ್ಲಿ ಬುಡದ ಅಂಚು ಒಂದೇ ಕಡೆ ಕರ್ರಗೆ, ಒಂದರಲ್ಲಂತೂ ಪ್ಲಾಸ್ಟಿಕ್ ಕರಗಿ ಸುಟ್ಟ ಹಪ್ಪಳದ ತುದಿ ಥರ ಸುರುಟಿದೆ. ಬರೀ ವಾಡ್ ಬದಲಿಸಿದ್ರೆ ಸಾಕಾ?

ಹಳೇಸಿಂಹ:
ಸಾಲಲ್ಲ. ಹಲ್ ಬದಲಾದ್ರೆ ಹಳೇ ರೆಸಿಪಿ ಸತ್ತಂಗೆ. ಚೆಡೈಟ್‌ಗೇ ಅಂತ ಕೊಟ್ಟಿರೋ ಡೇಟಾ ಹುಡುಕಿ, ವಾಡ್, ಪ್ರೈಮರ್, ತೂಕ ಎಲ್ಲ ಅದರಲ್ಲಿರೋದೇ, ಪಕ್ಕದಲ್ಲಿ ಬರೆದಿರೋ ಪ್ರೆಶರ್ ನಿಮ್ಮ ಗನ್‌ಸ್ಮಿತ್ ಒಪ್ಪೋ ಅಷ್ಟಿದ್ರೆ ಮಾತ್ರ ತುಂಬಿ. ಕಸ ಜಾಸ್ತಿ ಅಂತ ಪೌಡರ್ ಒಂಚೂರು ಜಾಸ್ತಿ ಹಾಕೋ ಐಡಿಯಾ ಬಂದಿದ್ರೆ ಅಲ್ಲೇ ಬಿಡಿ.

ಅಮ್ಮತ್ತಿ ಹುಡುಗ:
ಮಂಜಣ್ಣ ಕೋವಿ ಫೋಟೋ ಹಾಕಿ, ಹಳೇ ಕಾಲದ ಕಬ್ಬಿಣ-ಉಕ್ಕು ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆನಾ?

ಓಹಾಯೋ ಗೌಡ:
ಡಮಾಸ್ಕಸ್ ಆಗಿದ್ರೆ ಗೋಡೆಗೆ ನೇತಾಕಿ.

ಹಳೇಸಿಂಹ:
ಗೌಡ್ರೇ, ನಳಿಗೆಯ ದಪ್ಪ ಅಳೀದೆ ಹಾಗೆಲ್ಲ ಹೇಳ್ಬೇಡಿ, ಅದಕ್ಕೆ ಬೇರೆ ಥ್ರೆಡ್ ಇದೆ.

ಮಿನೆಸೋಟಾ ಮಂಜ:
ಡಮಾಸ್ಕಸ್ ಅಲ್ಲ. ನೆಟ್ಟನೆ ಹಲ್‌ಗೆ ಆಗೋ ವಾಡ್ ಆರ್ಡರ್ ಮಾಡಿದೀನಿ, ಡೇಟಾನೂ ಸಿಕ್ತು, ತುಂಬಿರೋ 150 ತೋಟೆ ಬಿಚ್ಚಿ ಚರೆ ಸೋಸ್ತಾ ಕೂತಿದೀನಿ, ಹೆಂಡತಿ ಅಕ್ಕಿ ಆರಿಸೋ ಮೊರ ಎಲ್ಲಿ ಅಂತ ಹುಡುಕ್ತಿದಾಳೆ. ಹಳೇ ವಾಡ್ ಎರಡು ಪ್ಯಾಕೆಟ್ ಮಿಕ್ಕಿದೆ, ರೆಮಿಂಗ್ಟನ್ ಹಲ್ ಇರೋರು ಯಾರಾದ್ರೂ ಹತ್ರದಲ್ಲಿದ್ರೆ ಹೇಳಿ.