ಪದಚರ್ಚೆ: ‘ಗಾಡಿ ಆಯಾ’ ಅನ್ನುವುದೇಕೆ?

ಪ್ರಶ್ನೆ: ಹಿಂದಿ ಚೆನ್ನಾಗಿ ಬಲ್ಲ ಕನ್ನಡಿಗರೂ ‘ಗಾಡೀ ಆಯೀ’, ‘ರೋಟೀ ಅಚ್ಛೀ ಹೈ’ ಎನ್ನಬೇಕಾದಲ್ಲಿ ‘ಗಾಡಿ ಆಯಾ’, ‘ರೋಟಿ ಅಚ್ಛಾ ಹೈ’ ಅಂದುಬಿಡುತ್ತಾರೆ. ಕನ್ನಡದಲ್ಲೂ ಮೂರು ಲಿಂಗಗಳಿವೆಯಲ್ಲ, ಮತ್ತೇಕೆ ಈ ತೊಡಕು?

ಉತ್ತರ: ಲಿಂಗವೇನೋ ಇದೆ, ಅದನ್ನು ಗೊತ್ತುಮಾಡುವ ಬಗೆ ಬೇರೆ. ‘ಬಂದ, ಬಂದಳು, ಬಂತು’ಗಳಲ್ಲಿ ಒಂದನ್ನು ಆರಿಸಲು ಕನ್ನಡಿಗರಿಗೆ ಅರ್ಥ ತಿಳಿದರೆ ಸಾಕು: ಮನುಷ್ಯರೋ ಅಲ್ಲವೋ, ಮನುಷ್ಯರಾದರೆ ಗಂಡೋ ಹೆಣ್ಣೋ. ನಿನ್ನೆ ಬಂದ ‘ಲ್ಯಾಪ್‌ಟಾಪ್’ ಕೂಡ ಯಾರನ್ನೂ ಕೇಳದೆ ನಪುಂಸಕಲಿಂಗಕ್ಕೆ ಸೇರುತ್ತದೆ. ಹಿಂದಿಯಲ್ಲಿ ಹಾಗಲ್ಲ, ಪದದ ಜೊತೆಗೇ ಲಿಂಗವನ್ನೂ ನೆನಪಿಡಬೇಕು. ಕಿತಾಬ್ ಸ್ತ್ರೀಲಿಂಗ, ಕಾಗಜ್ ಪುಲ್ಲಿಂಗ. ಈಕಾರಾಂತವೆಲ್ಲ ಸ್ತ್ರೀಲಿಂಗ ಎಂಬ ಸೂತ್ರ ಗಾಡೀ, ರೋಟೀ, ನದೀ ತನಕ ನಡೆಯುತ್ತದೆ. ಪಾನೀ, ಘೀ, ಮೋತೀ ಬಂದಾಗ ಕೈಕೊಡುತ್ತದೆ, ಅವು ಪುಲ್ಲಿಂಗ.

ತಪ್ಪು ಎಲ್ಲಿ ಬೀಳುತ್ತದೆ ಎಂದು ಗಮನಿಸಿ. ‘ಲಡ್ಕೀ ಆಯೀ’ಯಲ್ಲಿ ಎಡವುವವರು ಕಡಿಮೆ, ಎಡವುವುದೆಲ್ಲ ವಸ್ತುಗಳಲ್ಲಿ. ಅಂದರೆ ಕನ್ನಡದ ವಿಂಗಡಣೆ ಒಳಗೆ ಕೆಲಸ ಮಾಡುತ್ತಿದೆ, ಹಿಂದಿಯಲ್ಲಿ ನಪುಂಸಕ ಇಲ್ಲದ್ದರಿಂದ ಆ ಜಾಗಕ್ಕೆ ಪುಲ್ಲಿಂಗ ಬಂದು ಕೂರುತ್ತದೆ. ‘ಮೈನೇ ರೋಟೀ ಖಾಯೀ’ ಇನ್ನೂ ಕಷ್ಟ. ಇಲ್ಲಿ ಕ್ರಿಯಾಪದ ಹೊಂದಿಕೊಳ್ಳುವುದು ತಿಂದವನಿಗಲ್ಲ, ರೊಟ್ಟಿಗೆ. ಕನ್ನಡದ ಕ್ರಿಯಾಪದ ನೋಡುವುದು ಕರ್ತೃವನ್ನು, ಹಾಗಾಗಿ ‘ಖಾಯಾ’ ಎಂದು ಬಾಯಿಗೆ ಬರುತ್ತದೆ. ಕಲಿಸುವವರು ‘ಗಾಡೀ, ಸ್ತ್ರೀಲಿಂಗ’ ಎಂದು ಪಟ್ಟಿ ಕೊಡುವ ಬದಲು ‘ಮೇರೀ ಗಾಡೀ’, ‘ಠಂಡಾ ಪಾನೀ’ ಎಂದು ಜೋಡಿಯಾಗಿಯೇ ಆಡಿಸಿದರೆ ಲಿಂಗ ಪದಕ್ಕೆ ಅಂಟಿಕೊಳ್ಳುತ್ತದೆ.

ಇದನ್ನು ಬರೀ ಅಜ್ಞಾನ ಎಂದು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಕನ್ನಡ, ಮರಾಠಿ, ಉರ್ದು ತಲೆಮಾರುಗಳಿಂದ ಒಟ್ಟಿಗೆ ಬಾಳಿದ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡದ ಬಗ್ಗೆ ಭಾಷಾ ಸಂಶೋಧಕರಾದ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಬರೆದರು. ಅಲ್ಲಿನ ಉರ್ದುವಿನಲ್ಲಿ ನೆರೆ ಬಂದರೆ ‘ನದೀ ಆಯಾ’, ಶಿಷ್ಟ ಉರ್ದುವಿನ ‘ನದೀ ಆಯೀ’ ಅಲ್ಲ. ಆ ಊರಿನ ಮರಾಠಿಯಲ್ಲೂ ನದಿ ಸ್ತ್ರೀಲಿಂಗ ಬಿಟ್ಟು ನಪುಂಸಕಕ್ಕೆ ಸರಿದಿದೆ. ಒಬ್ಬ ಕಲಿಯುವವನ ಬಾಯಲ್ಲಿ ತಪ್ಪೆನಿಸುವುದೇ ಇಡೀ ಊರಿನ ಬಾಯಲ್ಲಿ ವ್ಯಾಕರಣ.

ಇನ್ನೊಂದು ಉತ್ತರ: ಒಪ್ಪಿದೆ, ಆದರೆ ‘ಅರ್ಥ ತಿಳಿದರೆ ಸಾಕು’ ಎಂಬ ಮಾತಿಗೆ ಒಂದು ತಿದ್ದುಪಡಿ ಬೇಕು. ‘ಸೂರ್ಯ ಮೂಡಿದನು’, ‘ಸೂರ್ಯ ಮೂಡಿತು’ ಎರಡೂ ಸಾಧು, ಶಾಲೆಯ ವ್ಯಾಕರಣ ಇದನ್ನು ಪುನ್ನಪುಂಸಕಲಿಂಗ ಎನ್ನುತ್ತದೆ. ಹವ್ಯಕರ ಮಾತಿನಲ್ಲಿ ‘ಅಕ್ಕ ಬಂತು’ ಎನ್ನುವುದು ರೂಢಿ, ಅದರಲ್ಲಿ ಅಗೌರವವಿಲ್ಲ. ‘ಮಗು’ವಂತೂ ಏಕವಚನ ಬಹುವಚನಗಳ ನಡುವೆಯೇ ವರ್ಗ ಬದಲಿಸುತ್ತದೆ: ಒಂದು ಮಗು ಅತ್ತಿತು, ಇಬ್ಬರು ಮಕ್ಕಳು ಅತ್ತರು. ಕನ್ನಡ ಮಾತ್ರ ಬಲ್ಲವರು ನಾಮಪದಗಳನ್ನು ಹೇಗೆ ವಿಂಗಡಿಸುತ್ತಾರೆ ಎಂದು ಪರೀಕ್ಷಿಸುವವರು ಕ್ರಿಯಾಪದವೊಂದನ್ನೇ ನೆಚ್ಚದೆ ‘ಎರಡು’, ‘ಇಬ್ಬರು’ಗಳನ್ನೂ ಕೇಳಲಿ.