ಎಂಟು ತಿಂಗಳ ಪಾಪುವಿನ ಕೈಗೆ ಬೇಯಿಸಿದ ಹಣ್ಣು ಕೊಡಬಹುದಾ? (ಪ್ರಶ್ನೋತ್ತರ)

ಪ್ರಶ್ನೆ (ತುಮಕೂರಿನ ತಾಯಿ):
ನಮಸ್ತೆ ಮೇಡಂ. ಮಗಳಿಗೆ ಈಗ ಎಂಟು ತಿಂಗಳು. ಆರು ತಿಂಗಳು ತುಂಬಿದಾಗಿಂದ ರಾಗಿ ಸರಿ, ಬೇಳೆ ಕಟ್ಟು ಹಾಕಿ ಕಿವುಚಿದ ಅನ್ನ ತಿನ್ನಿಸ್ತಿದ್ದೀನಿ. ಈಚೆಗೆ ಚಮಚ ಕಂಡ್ರೆ ಸಾಕು, ಮುಖ ತಿರುಗಿಸ್ತಾಳೆ. ನನ್ನ ತಟ್ಟೆಗೇ ಕೈ ಹಾಕ್ತಾಳೆ. ಸೇಬು ಬೇಯಿಸಿ ಕೈಗೇ ಕೊಡೋಣ ಅಂದ್ರೆ ನಮ್ಮತ್ತೆ, "ಇರೋದು ಎರಡು ಹಲ್ಲು, ಗಂಟಲಿಗೆ ಸಿಕ್ಕಿದ್ರೆ ಏನು ಗತಿ?" ಅಂತಾರೆ. ಒಂದ್ಸಲ ಕುಕ್ಕರ್‌ನಲ್ಲಿ ಇಟ್ಟೆ, ಎರಡು ವಿಷಲ್‌ಗೆ ಗಂಜಿ ಆಗಿಹೋಯ್ತು. ಎಷ್ಟು ದಪ್ಪ ಹೆಚ್ಚಬೇಕು, ಎಷ್ಟು ಹೊತ್ತು ಬೇಯಿಸಬೇಕು?

ಉತ್ತರ (ಮಕ್ಕಳ ಆಹಾರ ತಜ್ಞೆ):
ನಿಮ್ಮ ಅತ್ತೆಯವರ ಭಯದಲ್ಲಿ ಅರ್ಧ ಸತ್ಯ ಇದೆ. ಹಸಿ ಸೇಬಿನ ತುಂಡು ಈ ವಯಸ್ಸಿಗೆ ನಿಜಕ್ಕೂ ಅಪಾಯ. ಮುಂದಿನ ಎರಡು ಹಲ್ಲು ಬಂದಿದ್ದರೆ ಇನ್ನೂ ಹೆಚ್ಚು, ಯಾಕಂದ್ರೆ ಕಚ್ಚಿ ಮುರಿಯೋಕೆ ಆ ಹಲ್ಲು ಸಾಕು. ಅರೆಯೋಕೆ ಬೇಕಾದ ದವಡೆ ಹಲ್ಲು ಬರೋದು ಸಾಮಾನ್ಯವಾಗಿ ವರ್ಷ ಕಳೆದ ಮೇಲೆ. ಆದರೆ ಮೆತ್ತಗೆ ಬೆಂದ ಸೇಬಿಗೆ ಹಲ್ಲು ಬೇಡ, ವಸಡೇ ಸಾಕು. ಮಗು ನಿಮ್ಮ ಬೆರಳು ಕಚ್ಚಿದಾಗ ಆಗುವ ನೋವು ನೆನಪಿಸಿಕೊಳ್ಳಿ, ಅಷ್ಟು ಬಲ ಇರುತ್ತೆ ಆ ವಸಡಿಗೆ.

ಮೊದಲು ಇಷ್ಟು ನೋಡಿಕೊಳ್ಳಿ: ಕತ್ತು ಪೂರ್ತಿ ನಿಂತಿರಬೇಕು, ಸ್ವಲ್ಪ ಆಸರೆ ಕೊಟ್ಟರೆ ನೆಟ್ಟಗೆ ಕೂರಬೇಕು, ಕೈಗೆ ಸಿಕ್ಕಿದ್ದನ್ನು ತಾನೇ ಬಾಯಿಗೆ ಒಯ್ಯಬೇಕು. ನಿಮ್ಮ ತಟ್ಟೆಗೆ ಕೈ ಹಾಕ್ತಾಳೆ ಅಂದ್ರೆ ಕೊನೆಯದು ಆಗಲೇ ಬಂದಿದೆ.

ಕುಕ್ಕರ್ ಬಿಡಿ, ಇಡ್ಲಿ ಪಾತ್ರೆ ತೆಗೆಯಿರಿ. ಸೇಬಿನ ಸಿಪ್ಪೆ, ಬೀಜ, ಬೀಜದ ಸುತ್ತಲಿನ ಗಟ್ಟಿ ಪೊರೆ ಎಲ್ಲ ತೆಗೆದುಬಿಡಿ. ಬೆಂದ ಸಿಪ್ಪೆ ಕಾಗದದ ಹಾಗೆ ಬಿಟ್ಟುಕೊಂಡು ಬಾಯಿಯ ಅಂಗುಳಕ್ಕೆ ಅಂಟುತ್ತೆ, ಮಕ್ಕಳಿಗೆ ಅದನ್ನು ನಾಲಿಗೆಯಿಂದ ಬಿಡಿಸಿಕೊಳ್ಳೋಕೆ ಬರಲ್ಲ. ಆಮೇಲೆ ನಿಮ್ಮ ತೋರುಬೆರಳಷ್ಟು ಉದ್ದ, ಅಷ್ಟೇ ದಪ್ಪಕ್ಕೆ ಹೋಳು ಮಾಡಿ. ಎಂಟು ತಿಂಗಳಲ್ಲಿ ಎಷ್ಟೋ ಮಕ್ಕಳು ಇನ್ನೂ ಮುಷ್ಟಿಯಲ್ಲೇ ಹಿಡಿಯೋದು. ಹೋಳಿನ ತುದಿ ಮುಷ್ಟಿಯಿಂದ ಮೇಲೆ ಚಾಚಿದ್ದರೆ ಮಾತ್ರ ಬಾಯಿಗೆ ಸಿಗುತ್ತೆ. ಚಿಕ್ಕದಾಗಿ ಹೆಚ್ಚಿದರೆ ಒಳ್ಳೆಯದು ಅಂದುಕೊಳ್ತೀವಿ, ಆದರೆ ಆ ತುಂಡು ಅಂಗೈಯೊಳಗೇ ಮುಚ್ಚಿಹೋಗಿ ಮಗು ಅಳೋಕೆ ಶುರು ಮಾಡುತ್ತೆ. ದುಂಡನೆ ಬಿಲ್ಲೆಯ ಹಾಗೂ ಹೆಚ್ಚಬೇಡಿ.

ಹಬೆ ಏಳೋಕೆ ಶುರುವಾದ ಮೇಲೆ ಸುಮಾರು 8ರಿಂದ 10 ನಿಮಿಷ. ಗಟ್ಟಿ ಸೇಬಾದರೆ ಇನ್ನೂ ಸ್ವಲ್ಪ, ಹಿಟ್ಟುಹಿಟ್ಟಾದ ಸೇಬಾದರೆ ಅದಕ್ಕೂ ಮೊದಲೇ ಕುಸಿಯುತ್ತೆ. ಹಾಗಾಗಿ ನಿಮಿಷದ ಲೆಕ್ಕ ಪೂರ್ತಿ ನಂಬಬೇಡಿ. ಒಂದು ಹೋಳು ಆರಿಸಿ ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ಒತ್ತಿ. ಎತ್ತಿದಾಗ ಆಕಾರ ಉಳಿದಿರಬೇಕು, ಮೆಲ್ಲಗೆ ಒತ್ತಿದ ತಕ್ಷಣ ಪೂರ್ತಿ ನಜ್ಜಾಗಬೇಕು. ನಡುವೆ ಎಲ್ಲಾದರೂ ಗಟ್ಟಿ ಎಳೆ ಬೆರಳಿಗೆ ತಾಕಿದರೆ ಮತ್ತೆ ಎರಡು ನಿಮಿಷ ಇಡಿ. ಈ ಪರೀಕ್ಷೆಯನ್ನು ಅತ್ತೆಯವರ ಕೈಯಲ್ಲೇ ಮಾಡಿಸಿ, ನಿಮ್ಮ ಮಾತಿಗಿಂತ ಅವರ ಬೆರಳು ಅವರನ್ನು ಬೇಗ ಒಪ್ಪಿಸುತ್ತೆ.

ಇದೇ ರೀತಿ ಮರಸೇಬು, ಬೀಜದ ತಿರುಳು ತೆಗೆದ ಸೀಬೆಹಣ್ಣು ಎರಡೂ ಆಗುತ್ತೆ. ಮರಸೇಬು ಹಣ್ಣಾಗಿದ್ದರೆ ನಾಲ್ಕೈದು ನಿಮಿಷಕ್ಕೇ ಬೇಯುತ್ತೆ. ಪರಂಗಿ, ಸಪೋಟ, ಏಲಕ್ಕಿ ಬಾಳೆ ಚೆನ್ನಾಗಿ ಕಳಿತಿದ್ದರೆ ಬೇಯಿಸೋದೇ ಬೇಡ. ಬೇಯಿಸಿದರೆ ಸಿ ವಿಟಮಿನ್ ಕಡಿಮೆಯಾಗುತ್ತೆ, ನಮಗೆ ಅದು ಬೇಕು. ಸಪೋಟದ ಬೀಜಕ್ಕೆ ತುದಿಯಲ್ಲಿ ಕೊಕ್ಕೆ ಇರುತ್ತೆ, ಒಂದೂ ಉಳಿಯದ ಹಾಗೆ ನೋಡಿಕೊಳ್ಳಿ. ಪರಂಗಿ ಹೋಳು ಕೈಯಿಂದ ಜಾರುತ್ತೆ ಅಂದ್ರೆ ಹುರಿದ ರಾಗಿ ಹಿಟ್ಟಿನಲ್ಲಿ ಒಂದು ಸುತ್ತು ಹೊರಳಿಸಿ ಕೊಡಿ, ಹಿಡಿತ ಸಿಗುತ್ತೆ.

ಇನ್ನೊಂದು ಮಾತು. ಹಣ್ಣು ಕೈಗೆ ಕೊಡೋದು ಕೈಬಾಯಿಯ ಅಭ್ಯಾಸಕ್ಕೆ, ಹೊಟ್ಟೆ ತುಂಬಿಸೋಕೆ ಅಲ್ಲ. ಹುಟ್ಟುವಾಗ ಮೈಯಲ್ಲಿದ್ದ ಕಬ್ಬಿಣದ ದಾಸ್ತಾನು ಆರು ತಿಂಗಳ ಹೊತ್ತಿಗೆ ಬಹಳಷ್ಟು ಕರಗಿರುತ್ತೆ, ಹಣ್ಣಲ್ಲಿ ಅದು ತೀರಾ ಕಡಿಮೆ. ಬೇಳೆ, ರಾಗಿ, ತಿನ್ನುವವರಾದರೆ ಮೊಟ್ಟೆ, ಮಾಂಸ, ಇವು ತಪ್ಪಬಾರದು. ಅವುಗಳ ಜೊತೆಗೇ ಎರಡು ಹೋಳು ಪರಂಗಿ ಅಥವಾ ಸೀಬೆ ಕೊಟ್ಟರೆ ಅದರ ಸಿ ವಿಟಮಿನ್‌ನಿಂದ ಕಾಳಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತೆ. ಎದೆಹಾಲು ಎಂದಿನಂತೆ ಮುಂದುವರಿಸಿ.

ಪ್ರಶ್ನೆ (ಬೆಂಗಳೂರಿನ ತಂದೆ):
ಮೇಡಂ, ನಿನ್ನೆ ಬೇಯಿಸಿದ ಮರಸೇಬು ಕೊಟ್ವಿ. ಮಗ ಓಕರಿಸಿ, ಕೆಂಪಾಗಿ, ಕಣ್ಣಲ್ಲಿ ನೀರು ಬಂತು. ನಾನು ಬಾಯಿಗೆ ಬೆರಳು ಹಾಕಿ ತೆಗೆದೆ. ಹೆಂಡತಿ ಇನ್ನು ಮೂರು ತಿಂಗಳು ಬೇಡ ಅಂತಾಳೆ. ನಿಲ್ಲಿಸಿಬಿಡೋದಾ?

ಉತ್ತರ:
ನಿಲ್ಲಿಸಬೇಡಿ, ಆದರೆ ಬೆರಳು ಹಾಕೋದನ್ನು ನಿಲ್ಲಿಸಿ. ಕಾಣದ ತುಂಡಿಗೆ ಬೆರಳು ಹಾಕಿದರೆ ಅದನ್ನು ಒಳಕ್ಕೇ ತಳ್ಳುವ ಸಾಧ್ಯತೆ ಜಾಸ್ತಿ.

ಓಕರಿಕೆ ಬೇರೆ, ಉಸಿರುಗಟ್ಟೋದು ಬೇರೆ. ಈ ವಯಸ್ಸಿನಲ್ಲಿ ಓಕರಿಕೆ ಬರುವ ಜಾಗ ನಾಲಿಗೆಯ ಮೇಲೆ ದೊಡ್ಡವರಿಗಿಂತ ಮುಂದಕ್ಕಿರುತ್ತೆ. ತುಂಡು ಸ್ವಲ್ಪ ಹಿಂದೆ ಹೋದರೂ "ವ್ಯಾಕ್" ಅಂತ ಮುಂದಕ್ಕೆ ತಳ್ಳುತ್ತೆ. ಮುಖ ಕೆಂಪಾಗುತ್ತೆ, ಕೆಮ್ಮುತ್ತೆ, ಸದ್ದು ಇರುತ್ತೆ. ಆಗ ನೀವು ಮಾಡಬೇಕಾದ್ದು ಸುಮ್ಮನೆ ಎದುರು ಕೂತಿರೋದು. ಮನೆಯವರೆಲ್ಲ ಕೂಗಿದರೆ ಮಗು ಗಾಬರಿಯಿಂದ ಉಸಿರೆಳೆದುಕೊಳ್ಳುತ್ತೆ, ಅದೇ ತೊಂದರೆ.

ಉಸಿರುಗಟ್ಟಿದಾಗ ಸದ್ದು ಇರಲ್ಲ. ಅಳೋಕೆ ಆಗಲ್ಲ, ಕೆಮ್ಮೋಕೆ ಆಗಲ್ಲ, ತುಟಿ ನೀಲಿಗೆ ತಿರುಗುತ್ತೆ. ವರ್ಷದೊಳಗಿನ ಮಗುವಾದರೆ ಮುಂದೋಳಿನ ಮೇಲೆ ಬೋರಲು ಮಲಗಿಸಿ, ದವಡೆಗೆ ಕೈಯಾಸರೆ ಕೊಟ್ಟು, ತಲೆ ಎದೆಗಿಂತ ಕೆಳಗಿರುವ ಹಾಗೆ ಹಿಡಿದು, ಭುಜದ ಎಲುಬುಗಳ ನಡುವೆ ಅಂಗೈಯ ಬುಡದಿಂದ 5 ಸಲ ತಟ್ಟಿ. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ 5 ಸಲ ಒತ್ತಿ. ತುಂಡು ಹೊರಬರುವವರೆಗೆ ಇದನ್ನೇ ಒಂದಾದ ಮೇಲೊಂದು ಮಾಡುತ್ತಾ ಇರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಇಷ್ಟು ಚಿಕ್ಕ ಮಗುವಿನ ಹೊಟ್ಟೆ ಅದುಮಬಾರದು. ಓದಿದ್ದು ಆ ಹೊತ್ತಿಗೆ ನೆನಪಾಗಲ್ಲ, ನಿಮ್ಮ ಮಕ್ಕಳ ಡಾಕ್ಟರ್ ಹತ್ತಿರ ಹೋದಾಗ ಕೈಯಲ್ಲಿ ಮಾಡಿ ತೋರಿಸಿ ಅಂತ ಕೇಳಿ.

ಇನ್ನು ಮೂರು ತಿಂಗಳು ಮುಂದೂಡೋದು ನನಗೆ ಸರಿ ಅನ್ನಿಸಲ್ಲ. ಒಂಬತ್ತು ಹತ್ತು ತಿಂಗಳು ದಾಟಿದರೂ ಬರೀ ನುಣ್ಣಗಿನದ್ದೇ ತಿಂದ ಮಕ್ಕಳು ಆಮೇಲೆ ತುಂಡು ಸಿಕ್ಕಿದರೆ ಉಗುಳುತ್ತಾರೆ. ಅಂಥವರೇ ಎರಡು ವರ್ಷಕ್ಕೆ "ಮಿಕ್ಸಿಗೆ ಹಾಕದೆ ತಿನ್ನಲ್ಲ" ಅನ್ನುವ ದೂರಿನೊಂದಿಗೆ ನನ್ನ ಹತ್ತಿರ ಬರೋದು. ನೆಟ್ಟಗೆ ಕೂರಿಸಿ, ಒಂದು ಸಲಕ್ಕೆ ಒಂದೇ ಹೋಳು ಕೊಡಿ. ಕಾರಿನಲ್ಲಿ, ಮಲಗಿರುವಾಗ, ಮೊಬೈಲ್ ತೋರಿಸುತ್ತಾ ಬೇಡವೇ ಬೇಡ.

ಪ್ರಶ್ನೆ (ಹುಬ್ಬಳ್ಳಿಯ ಅಜ್ಜಿ):
ನಮಸ್ಕಾರ್ರೀ ಮೇಡಂ. ನಮ್ಮ ಮೊಮ್ಮಗಗ ಒಂಬತ್ತು ತಿಂಗಳಾತು. ದಿನಾ ಬಾಳೆಹಣ್ಣು ಕೊಡ್ತೀವ್ರಿ. ಈಗ ಹೊರಕಡಿ ಭಾಳ ಗಟ್ಟಿ ಆಗೇದ, ಮುಕ್ಕರಿಸಿ ಅಳ್ತದ. ಸೇಬು ಕುದಿಸಿ ಕೊಟ್ರ ಛಲೋ ಆಗ್ತದೇನ್ರಿ? ರುಚಿಗೆ ಒಂದೀಟು ಜೇನುತುಪ್ಪ ಹಾಕ್ತೀನಿ.

ಉತ್ತರ:
ಅಮ್ಮಾ, ಜೇನುತುಪ್ಪ ಮಾತ್ರ ವರ್ಷ ತುಂಬೋವರೆಗೆ ಬೇಡ, ಕುದಿಸಿದ್ದರೂ ಬೇಡ. ಅದರಲ್ಲಿ ಬೊಟುಲಿನಮ್ ಅನ್ನುವ ರೋಗಾಣುವಿನ ಬೀಜಕಣ ಇರಬಹುದು, ಅಡುಗೆಮನೆಯ ಕಾವಿಗೆ ಅದು ಸಾಯಲ್ಲ. ದೊಡ್ಡವರ ಕರುಳಿನಲ್ಲಿ ಅದರ ಆಟ ನಡೆಯಲ್ಲ, ಕೂಸಿನ ಕರುಳಿನಲ್ಲಿ ಬೆಳೆದು ವಿಷ ಬಿಟ್ಟರೆ ಕೈಕಾಲು, ಉಸಿರು ಎಲ್ಲ ಸೋಲುತ್ತೆ. ಸಕ್ಕರೆ, ಬೆಲ್ಲವೂ ಎರಡು ವರ್ಷದವರೆಗೆ ಬೇಡ. ಬೆಂದ ಹಣ್ಣು ತಾನೇ ಸಿಹಿ. ಸಪ್ಪೆ ಅನ್ನಿಸೋದು ನಮ್ಮ ನಾಲಿಗೆಗೆ, ಅವನ ನಾಲಿಗೆಗೆ ಅಲ್ಲ.

ಬಾಳೆ ಅರೆಹಣ್ಣಾಗಿದ್ದರೆ ಗಟ್ಟಿ ಮಾಡುತ್ತೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕಿ ಬಿದ್ದ ಮೇಲೆ ಕೊಡಿ, ಅದೂ ದಿನಾ ಬೇಡ. ಬೇಯಿಸಿದ ಸೇಬೂ ಈಗ ಬೇಡ, ಕೆಲವು ಮಕ್ಕಳಿಗೆ ಅದರಿಂದ ಇನ್ನೂ ಗಟ್ಟಿಯಾಗುತ್ತೆ. ಮರಸೇಬು ಬೇಯಿಸಿ ಕೊಡಿ, ಪರಂಗಿ ಕೊಡಿ. ಕಪ್ಪು ಒಣದ್ರಾಕ್ಷಿ ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿ ಒಂದೆರಡು ಚಮಚ ತಿನ್ನಿಸಬಹುದು, ಇಡೀ ದ್ರಾಕ್ಷಿ ಮಾತ್ರ ಬಾಯಿಗೆ ಹೋಗಬಾರದು. ಊಟದ ಜೊತೆ ಒಂದೆರಡು ಗುಟುಕು ನೀರು. ರಕ್ತ ಕಂಡರೆ, ಹೊಟ್ಟೆ ಉಬ್ಬಿದರೆ, ವಾಂತಿ ಆದರೆ ಹಣ್ಣಿನಲ್ಲಿ ಪರಿಹಾರ ಹುಡುಕದೆ ಡಾಕ್ಟರಿಗೆ ತೋರಿಸಿ.

ಒಂಬತ್ತು ತಿಂಗಳಿಗೆ ಎರಡು ಬೆರಳಲ್ಲಿ ಹೆಕ್ಕೋಕೆ ಕಲಿತಿದ್ದರೆ ಉದ್ದ ಹೋಳಿನ ಬದಲು ಬಟಾಣಿ ಗಾತ್ರದ ಮೆತ್ತನೆ ತುಂಡು ತಟ್ಟೆಗೆ ಹಾಕಿ ಬಿಡಿ. ಅರ್ಧ ನೆಲಕ್ಕೆ ಹೋಗುತ್ತೆ, ಹೋಗಲಿ.

ಪ್ರಶ್ನೆ (ಮಂಗಳೂರಿನ ತಾಯಿ):
ನಮ್ಮಲ್ಲಿ ನೇಂದ್ರ ಬಾಳೆ ಬೇಯಿಸಿ ಕೊಡುವುದುಂಟು. ಏಳು ತಿಂಗಳಿಗೆ ಆಗ್ತದಾ? ಬೇಯಿಸಿದ್ದನ್ನು ಫ್ರಿಜ್ಜಿನಲ್ಲಿ ಇಟ್ಟು ಮರುದಿನ ಕೊಡಬಹುದಾ, ನಾನು ಕೆಲಸಕ್ಕೆ ಹೋಗ್ತೇನೆ.

ಉತ್ತರ:
ಖಂಡಿತ ಆಗುತ್ತೆ. ಚೆನ್ನಾಗಿ ಕಳಿತ ನೇಂದ್ರ ತಗೊಳ್ಳಿ. ಸಿಪ್ಪೆ ಸಮೇತ ಎರಡು ಮೂರು ತುಂಡು ಮಾಡಿ ಹಬೆಯಲ್ಲಿ ಇಡಿ, ಸಿಪ್ಪೆ ಒಡೆದು ಬಿಟ್ಟುಕೊಂಡರೆ ಬೆಂದಿದೆ ಅಂತ. ಆಮೇಲೆ ಉದ್ದಕ್ಕೆ ಸೀಳಿ, ನಡುವಿನ ಕಪ್ಪು ಬೀಜದ ಎಳೆ ತೆಗೆದುಬಿಡಿ. ತಣ್ಣಗಾದರೆ ಇದು ಅಂಟಂಟಾಗಿ ಗಟ್ಟಿಯಾಗುತ್ತೆ, ಬೆಚ್ಚಗಿರುವಾಗಲೇ ಕೊಡಬೇಕು.

ಫ್ರಿಜ್ಜಿಗೆ ಇಡೋದಾದರೆ ಬೇಯಿಸಿ ಆರಿದ ಕೂಡಲೇ ಮುಚ್ಚಿ ಇಡಿ, ಮರುದಿನದೊಳಗೆ ಮುಗಿಸಿ. ಸೇಬು ಕಂದಾದರೆ ಅದು ಗಾಳಿಗೆ, ಕೆಟ್ಟಿದ್ದಕ್ಕಲ್ಲ. ಕೊಡುವ ಮುಂಚೆ ಮತ್ತೆ ಹಬೆ ಹಾಯಿಸಿ ಒತ್ತಿ ನೋಡಿ. ಮಗು ಕಚ್ಚಿ ಬಿಟ್ಟ ಹೋಳನ್ನು ಎತ್ತಿಡಬೇಡಿ.

ಪ್ರಶ್ನೆ (ತುಮಕೂರಿನ ತಾಯಿ):
ಅತ್ತೆ ಒತ್ತಿ ನೋಡಿ ಒಪ್ಪಿದ್ರು ಮೇಡಂ! ಈಗ ಅವರೇ ಕೇಳ್ತಿದ್ದಾರೆ, ಹಲಸಿನ ತೊಳೆ ಬೇಯಿಸಿ ಕೊಡಬಹುದಾ? ದ್ರಾಕ್ಷಿ?

ಉತ್ತರ:
ಹಲಸು ಬೇಡ ಅನ್ನಿ. ಎಷ್ಟು ಬೇಯಿಸಿದರೂ ನಾರು ಹಾಗೇ ಉಳಿಯುತ್ತೆ, ನಿಮ್ಮ ಬೆರಳ ಪರೀಕ್ಷೆಯಲ್ಲಿ ಅದು ಪಾಸಾಗಲ್ಲ. ದ್ರಾಕ್ಷಿ ದುಂಡಗೆ, ನುಣ್ಣಗೆ, ಸರಿಯಾಗಿ ಉಸಿರು ನಾಳ ಮುಚ್ಚುವ ಗಾತ್ರ. ಇಡಿಯಾಗಿ ಐದು ವರ್ಷದವರೆಗೂ ಕೊಡಬೇಡಿ, ಉದ್ದಕ್ಕೆ ನಾಲ್ಕು ಸೀಳು ಮಾಡಿಯೇ ಕೊಡಬೇಕು. ಮಾವಿನ ಕಾಲ ಬಂದರೆ ಬಾದಾಮಿ ಮಾವು ಕೊಡಿ, ನಾರು ಕಡಿಮೆ, ಬೇಯಿಸೋ ಕೆಲಸವೂ ಇಲ್ಲ. ಯಾವುದೇ ಹಣ್ಣು ಹೊಸದಾದರೆ ಎರಡು ಮೂರು ದಿನ ಅದೊಂದನ್ನೇ ಕೊಟ್ಟು ನೋಡಿ. ಮೈಮೇಲೆ ದದ್ದು, ವಾಂತಿ ಕಾಣದಿದ್ದರೆ ಮುಂದಿನದ್ದಕ್ಕೆ ಹೋಗಬಹುದು. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.